ಚೊಂಬಿನ ಮೇಲೆ ಕೋಳಿ

ಪಾತ್ರೆ ಅಂಗಡಿಯ ಬಾಗಿಲ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ, ಗೋಣಿತಾಟಿನ ಮೇಲೆ ಕೂತು ಟಕ್ ಟಕ್ ಅಂತ ಹೆಸರು ಕೊರೆಯುವವನನ್ನು ನೀವೆಲ್ಲ ನೋಡಿರುತ್ತೀರಿ. ಅವನ ಮುಖ ನೋಡಿರುವುದಿಲ್ಲ. ಅವನು ಬಗ್ಗಿರುತ್ತಾನೆ, ನಿಮಗೆ ಕಾಣುವುದು ನೆತ್ತಿ. ನಾನು ಒಂಬತ್ತು ವರ್ಷ ಹಾಗೆ ನೆತ್ತಿ ತೋರಿಸಿಕೊಂಡು ಕೂತಿದ್ದವನು. 1985ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು, ಮನೆಯಲ್ಲಿ ಕೂತು ತಿನ್ನುವುದಕ್ಕೆ ನಾಚಿಕೆಯಾಗಿ, ತಾಲ್ಲೂಕು ಪೇಟೆಯ ಒಂದು ಪಾತ್ರೆ ಅಂಗಡಿಯ ಮುಂದೆ ಕೂತೆ. ನನ್ನನ್ನು ಅಲ್ಲಿ ಕೂರಿಸಿದವರು ಉಸ್ತಾದ್. ಅಪ್ಪ ಅವರಿಗೆ ಎಕ್ಕಡ ಹೊಲೀತಿದ್ದ, ಅಷ್ಟೇ ಪರಿಚಯ. ಅಂಗಡಿಯವರಿಗೆ ನನ್ನ ಕೇರಿ ಯಾವುದು ಅಂತ ಗೊತ್ತಿತ್ತು. ಆದರೆ ಹೊಸ ಪಾತ್ರೆಗೆ ಜಾತಿ ಇರುವುದಿಲ್ಲ. ಮನೆಗೆ ಹೋಗಿ, ಹುಣಿಸೆಹಣ್ಣು ಹಾಕಿ ಬೆಳಗಿ, ಅರಿಶಿನ ಕುಂಕುಮ ಇಟ್ಟ ಮೇಲೆ ಬರುತ್ತದೆ. ಅಲ್ಲಿವರೆಗೆ ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದು.

ಈ ಲೇಖನ ಜಾತಿ ಬಗ್ಗೆ ಅಲ್ಲ. ಚಿತ್ರ ಬರೆಯೋದು ಕಲಿತದ್ದರ ಬಗ್ಗೆ. ಆದರೆ ಆ ಚೊಂಬು ಯಾರ ಮನೇದು, ಕೊರೆದ ಕೈ ಯಾರದು ಅನ್ನೋದನ್ನು ಬಿಟ್ಟು ಬರೆಯೋಕೆ ನನಗೆ ಬರೋಲ್ಲ.

ಮೊದಲ ಮೂರು ತಿಂಗಳು ನಾನು ತಿಳಿದುಕೊಂಡಿದ್ದು ಹೀಗೆ: ಉಳಿ ಹಿಡಿಯೋದು ಬಂದರೆ ಕೆಲಸ ಬಂದಂತೆ. ಸಣ್ಣ ಸುತ್ತಿಗೆ, ಎರಡು ಬೆರಳುದ್ದದ ಉಳಿ. ಉಳಿಯನ್ನು ಸ್ವಲ್ಪ ವಾಲಿಸಿ ಹಿಡಿದು ಮೆಲ್ಲಗೆ ತಟ್ಟುತ್ತಾ ನಡೆಸಿದರೆ ಅದು ಇರುವೆ ಹಾಗೆ ಮುಂದೆ ಹೋಗುತ್ತದೆ, ಹಿಂದೆ ಒಂದು ಗೆರೆ ಉಳಿಯುತ್ತದೆ. ಗೆರೆ ಅಂದರೆ ಒಂದರ ಪಕ್ಕ ಒಂದು ಬಿದ್ದ ನೂರು ಗಾಯ. ಸ್ಟೀಲು ಗಟ್ಟಿ, ಹಿತ್ತಾಳೆ ಮೆತ್ತಗೆ, ತಾಮ್ರ ಬೆಣ್ಣೆ. ಅಕ್ಷರಕ್ಕೆ ನಾಲ್ಕಾಣೆ. ಕನ್ನಡದ ಅಕ್ಷರ ಎಲ್ಲಾ ಗುಂಡಗೆ, ನೆಟ್ಟಗೆ ಹೋಗೋ ಉಳಿಗೆ ಗುಂಡಗೆ ತಿರುಗೋದು ಕಷ್ಟ. ಇಂಗ್ಲಿಷಿನಲ್ಲಿ ಹೆಸರು ಬರೆಸುವವರು ಬಂದರೆ ನನಗೆ ಹಬ್ಬ, ಎಲ್ಲಾ ಕಡ್ಡಿ ಕಡ್ಡಿ.

ನಾಲ್ಕನೇ ತಿಂಗಳಲ್ಲಿ ಒಂದು ಮದುವೆ ಆರ್ಡರ್ ಬಂತು. ಹಿತ್ತಾಳೆ ಕೊಳಗ. ಅದರ ಕಂಠದ ಸುತ್ತ ಕೊಡುವವರ ಹೆಸರು, ಊರು, ಗಂಡು ಹೆಣ್ಣಿನ ಹೆಸರು, ತಾರೀಖು. ನಾನು ಸೀದಾ ಉಳಿ ಇಟ್ಟು ಶುರು ಮಾಡಿದೆ. ಮೊದಲ ಹೆಸರು ಠೀವಿಯಿಂದ ಗೌಡರ ಥರ ಕಾಲು ಚಾಚಿ ಕೂತಿತು. ಎರಡನೆಯದು ಸ್ವಲ್ಪ ಒತ್ತರಿಸಿಕೊಂಡಿತು. ಹೆಣ್ಣಿನ ಹೆಸರು ಬರೋ ಹೊತ್ತಿಗೆ ಕಂಠ ಮುಗಿದೇ ಹೋಗಿತ್ತು. ಅವಳ ಹೆಸರಿನ ಕೊನೆಯ ಮೂರು ಅಕ್ಷರ ಗೋಡೆ ಸಂದಿಗೆ ನುಗ್ಗೋ ಇರುವೆಗಳ ಹಾಗೆ ಸಣ್ಣದಾಗುತ್ತಾ ಆಗುತ್ತಾ ಮೊದಲನೇ ಅಕ್ಷರದ ಕಾಲ ಕೆಳಗೆ ತೂರಿಕೊಂಡವು. ತಾರೀಖಿಗೆ ಜಾಗವೇ ಇಲ್ಲ. ಕೊಳಗದ ಬೆಲೆ ನನ್ನ ಕೂಲಿಯಲ್ಲಿ ಮುರಿದುಕೊಂಡರು. ಎರಡು ತಿಂಗಳು ಬಸ್ ಚಾರ್ಜಿಗೆ ಬಿಟ್ಟರೆ ಏನೂ ಉಳಿಯಲಿಲ್ಲ. ಆ ಕೊಳಗವನ್ನು ನನಗೇ ಕೊಟ್ಟರು. ಅವ್ವ ಅದರಲ್ಲಿ ಎಷ್ಟೋ ವರ್ಷ ಹಿಟ್ಟು ಹಾಕಿ ಇಟ್ಟಿದ್ದಳು. ಯಾರ ಮದುವೆಯೋ, ನಮ್ಮ ಮನೆ ಕೊಳಗ.

ಉಸ್ತಾದ್ ಬೈಯಲಿಲ್ಲ. ಕೊಳಗವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಕೈ ತಪ್ಪಿಲ್ಲ ಕಣೋ. ಗೆರೆ ಆಳ ಚೆನ್ನಾಗೈತೆ. ಕಣ್ಣು ತಪ್ಪಿರೋದು. ನಿನಗೆ ಡ್ರಾಯಿಂಗ್ ಬರಲ್ಲ,’ ಅಂದರು.

ಆ ಮಾತು ಎದೆಗೆ ಚುಚ್ಚಿತು. ಇದನ್ನು ನಾನು ಮೊದಲೇ ಒಂದು ಸಲ ಕೇಳಿದ್ದೆ. ಐದನೇ ಕ್ಲಾಸಿನಲ್ಲಿ ಶುಕ್ರವಾರ ಮಧ್ಯಾಹ್ನ ಡ್ರಾಯಿಂಗ್ ಪಿರಿಯಡ್ಡು. ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ, ಒಂದು ಹೆಂಚಿನ ಮನೆ ಬರೆಯೋರು. ಈ ದೇಶದ ಎಲ್ಲಾ ಮಕ್ಕಳೂ ಬರೆದಿರೋ ಚಿತ್ರ ಅದು. ನಮ್ಮ ಕೇರಿಯಲ್ಲಿ ಹೆಂಚಿನ ಮನೆ ಇರಲಿಲ್ಲ. ನಾನು ಗರಿ ಹೊದಿಸಿದ ಗುಡಿಸಲು ಬರೆದು, ಪಕ್ಕದಲ್ಲಿ ತೊಗಲು ನೆನೆಹಾಕೋ ಬಾನಿ ಬರೆದೆ. ಮೇಷ್ಟ್ರು ಕೆಂಪು ಪೆನ್ಸಿಲಲ್ಲಿ ಅಡ್ಡಗೆರೆ ಎಳೆದು, ‘ನಿಮಗ್ಯಾಕ್ರೋ ಡ್ರಾಯಿಂಗು’ ಅಂದರು. ನಿಮಗೆ ಅಂದದ್ದು, ನಿನಗೆ ಅಂತ ಅಲ್ಲ. ಹತ್ತು ವರ್ಷದ ಹುಡುಗನಿಗೂ ಆ ಬಹುವಚನ ಅರ್ಥವಾಗಿತ್ತು. ಅವತ್ತಿಂದ ನಾನು ಚಿತ್ರ ಬರೆದಿರಲಿಲ್ಲ.

ಉಸ್ತಾದ್ ಹೇಳಿದ್ದು ಬೇರೆ. ಬರಲ್ಲ ಅಂದರೆ ಕಲಿ ಅಂತ.

ಮೊದಲು ಅವರು ಮಾಡಿಸಿದ್ದು ಒಂದು ಕಾಗದದ ಪಟ್ಟಿ. ಪಾತ್ರೆಯ ಕಂಠಕ್ಕೆ ಸುತ್ತಿ, ಸೇರೋ ಕಡೆ ಹರಿದು, ಬಿಚ್ಚಿ, ಅರ್ಧಕ್ಕೆ ಮಡಚಿ, ಅದರರ್ಧಕ್ಕೆ ಮಡಚಿ ಗುರುತು ಹಾಕೋದು. ಬರೆಯೋದನ್ನೆಲ್ಲ ಪಟ್ಟಿಯ ಮೇಲೆ ಪೆನ್ಸಿಲಲ್ಲಿ ಬರೆದು, ಮತ್ತೆ ಪಾತ್ರೆಗೆ ಸುತ್ತಿ, ದೂರದಿಂದ ನೋಡೋದು. ಇಷ್ಟು ಮಾಡಿದ್ದರೆ ಆ ಹೆಣ್ಣುಮಗಳ ಹೆಸರು ಸಂದಿಗೆ ನುಗ್ಗುತ್ತಿರಲಿಲ್ಲ. ಅಕ್ಷರ ಎಣಿಸಿ ಭಾಗ ಮಾಡಿದರೂ ಸಾಲದು, ‘ಣ’ಕಾರಕ್ಕೆ ಬೇಕಾದ ಜಾಗ ‘ರ’ಕಾರಕ್ಕೆ ಬೇಡ. ಇದು ಲೆಕ್ಕವಲ್ಲ, ಕಣ್ಣಂದಾಜು. ಲೆಕ್ಕದಲ್ಲಿ ಫೇಲಾದ ನನಗೆ ಅದೇ ಸಮಾಧಾನ. ‘ಅಕ್ಷರ ನೋಡಬ್ಯಾಡ, ಅಕ್ಷರದ ನಡುವಿನ ಖಾಲಿ ನೋಡು’ ಅನ್ನೋರು. ಖಾಲಿಯನ್ನು ಹೆಂಗೆ ನೋಡೋದು? ತಿಂಗಳುಗಟ್ಟಲೆ ಇದು ನನಗೆ ಒಗಟು. ಒಂದು ದಿನ ತಂಬಿಗೆಯ ಚಿತ್ರ ಬರೀತಾ ಹಿಡಿ ಎಷ್ಟು ಸಲ ಬರೆದರೂ ವಕ್ರ ಆಗ್ತಿತ್ತು. ಹಿಡಿಯನ್ನು ಬಿಟ್ಟು, ಹಿಡಿಗೂ ಹೊಟ್ಟೆಗೂ ನಡುವೆ ಕಾಣುತ್ತಿದ್ದ ಗೋಡೆಯ ತುಂಡನ್ನು ಬರೆದೆ. ಅದು ಒಂದು ಮಾವಿನಕಾಯಿ ಆಕಾರ. ಅದು ಸರಿಯಾಗಿ ಬಂದ ಕೂಡಲೇ ಹಿಡಿ ತಾನಾಗಿ ಸರಿಹೋಯ್ತು. ಆ ಹೊತ್ತು ಅಂಗಡಿ ಮುಂದೆ ಒಬ್ಬನೇ ನಕ್ಕೆ. ಗಿರಾಕಿಗಳು ಹುಚ್ಚ ಅಂದುಕೊಂಡಿರಬೇಕು.

ಸ್ಲೇಟು ಬಳಪ ಕೊಂಡೆ. ಇಪ್ಪತ್ತು ವರ್ಷದ ಗಂಡಸು ಬಸ್ಸಿನಲ್ಲಿ ಸ್ಲೇಟು ಹಿಡಿದು ಕೂತರೆ ಜನ ಏನಂದಾರು, ಅಂದರು ಕೂಡ. ಸ್ಲೇಟಿನಲ್ಲಿ ಎರಡು ತಿಂಗಳು ಬರೀ ವೃತ್ತ, ಬರೀ ಬಳುಕು ಗೆರೆ. ಆಮೇಲೆ ಉಸ್ತಾದ್ ಅದನ್ನು ಕಿತ್ತುಕೊಂಡರು. ‘ಒರೆಸೋ ಅಭ್ಯಾಸ ಆದ್ರೆ ಕೆಟ್ಟೆ. ಲೋಹ ಒರೆಸಕ್ಕಾಗಲ್ಲ. ಪೆನ್ನಲ್ಲಿ ಬರಿ,’ ಅಂತ. ಪೆನ್ನಿನಲ್ಲಿ ಬರೆದಾಗ ನನ್ನ ಗೆರೆ ಎಂಥದು ಅಂತ ನನಗೇ ಗೊತ್ತಾಯಿತು. ಹೆದರಿದವನ ಗೆರೆ. ಒಂದು ಗೆರೆ ಎಳೆಯೋ ಕಡೆ ಕೂದಲಿನ ಹಾಗೆ ಹತ್ತು ತುಂಡು ಗೆರೆ, ಯಾವುದಾದರೂ ಒಂದು ಸರಿಯಿದ್ದೀತು ಅಂತ. ಕಾಗದದ ಮೇಲೆ ಅದು ಕಣ್ಣಿಗೆ ಮೋಸ ಮಾಡುತ್ತೆ, ದೂರದಿಂದ ಚಿತ್ರದ ಹಾಗೇ ಕಾಣುತ್ತೆ. ಉಳಿ ಇಟ್ಟಾಗ ಆ ಹತ್ತರಲ್ಲಿ ಯಾವುದನ್ನು ಕೊರೀತೀಯಪ್ಪಾ? ಒಂದನ್ನೇ ಕೊರೀಬೇಕು.

ಒಂದೇ ಗೆರೆಯಲ್ಲಿ ಎಳೆಯೋದನ್ನು ನಾನು ಯಾವ ಗುರುವಿನಿಂದಲೂ ಕಲಿಯಲಿಲ್ಲ. ಮನೆಯಲ್ಲೇ ಇತ್ತು. ಅಪ್ಪ ಗಿರಾಕಿಯ ಕಾಲನ್ನು ತೊಗಲಿನ ಮೇಲೆ ಇಡಿಸಿ, ಸುತ್ತ ಉಗುರಲ್ಲಿ ಒಂದು ಗೀರು ಎಳೆದು, ರಂಪಿಗೆ ಹಿಡಿದನೆಂದರೆ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಎಲ್ಲೂ ನಿಲ್ಲುತ್ತಿರಲಿಲ್ಲ. ಎಷ್ಟೋ ಸಾವಿರ ಸಲ ನೋಡಿದ್ದೆ, ಒಂದು ಸಲವೂ ನೋಡಿರಲಿಲ್ಲ. ಈ ಸಲ ಪಕ್ಕದಲ್ಲಿ ಕೂತು ನೋಡಿದೆ. ಅಪ್ಪ ರಂಪಿಗೆಯನ್ನು ತಿರುಗಿಸುತ್ತಿರಲಿಲ್ಲ. ರಂಪಿಗೆ ಇದ್ದಲ್ಲೇ ಇರುತ್ತಿತ್ತು, ಎಡಗೈ ತೊಗಲನ್ನು ತಿರುಗಿಸುತ್ತಿತ್ತು. ಅವನ ಕಣ್ಣು ಕೊಯ್ಯುವ ಕಡೆ ಇರಲಿಲ್ಲ, ಎರಡು ಬೆರಳು ಮುಂದೆ ಇತ್ತು, ಗೆರೆ ಎಲ್ಲಿಗೆ ಹೋಗಬೇಕೋ ಅಲ್ಲಿ. ‘ಕತ್ತಿ ನೋಡ್ಕಂಡು ಕುಯ್ದ್ರೆ ಕಾಲು ಸೊಟ್ಟ ಆಯ್ತದೆ ಕಣ್ಮಗ,’ ಅಂದ. ಅಷ್ಟೇ. ಇನ್ನೂ ಏನಾದರೂ ಹೇಳು ಅಂದರೆ ಬೀಡಿ ಹಚ್ಚಿದ.

ಮುಂದೆ ಉಸ್ತಾದ್ ಸುತ್ತಿಗೆ ಬಿಟ್ಟು ಒತ್ತುವ ಉಳಿ ಕಲಿಸಿದರು. ಸವೆದ ಅರದ ತುಂಡನ್ನು ಮಸೆದು ಮಾಡಿದ ಉಳಿ. ಹಿಂದೆ ಮರದ ಗುಂಡು ಹಿಡಿ, ಅದು ಅಂಗೈ ಗುಳಿಯಲ್ಲಿ ಕೂರಬೇಕು. ತೋರುಬೆರಳು ಮೇಲೆ, ಹೆಬ್ಬೆರಳು ಲೋಹಕ್ಕೆ ತಾಗಿ ಕಡಿವಾಣದ ಹಾಗೆ. ಬೆರಳಿನ ಬಲ ಅಲ್ಲ, ಅಂಗೈಯ ಒತ್ತು. ಮೊನೆ ಮೊಂಡಾದರೆ ಜಾರುತ್ತದೆ, ಜಾರಿದರೆ ಎಡಗೈ ಹೆಬ್ಬೆರಳು ಹೋಯ್ತು ಅಂತಲೇ. ನನ್ನ ಹೆಬ್ಬೆರಳ ಮೇಲೆ ಇವತ್ತೂ ಮೂರು ಗುರುತಿವೆ. ಈ ಕೆಲಸಕ್ಕೆ ಲೋಹದ ಕೆಳಗೆ ಮರಳು ತುಂಬಿದ ತೊಗಲಿನ ದಿಂಬು ಬೇಕು. ಬಳುಕು ಗೆರೆ ಬಂದಾಗ ಉಳಿಯನ್ನು ತಿರುಗಿಸಬಾರದು, ದಿಂಬಿನ ಮೇಲಿನ ಲೋಹವನ್ನು ಎಡಗೈಯಿಂದ ಉಳಿಗೆ ಎದುರಾಗಿ ತಿರುಗಿಸಬೇಕು. ಉಸ್ತಾದ್ ಇದನ್ನು ಹೇಳುತ್ತಿದ್ದಾಗ ನನಗೆ ಅಪ್ಪನ ಎಡಗೈ ಕಾಣುತ್ತಿತ್ತು. ದಿಂಬನ್ನು ಅಪ್ಪನೇ ಹೊಲಿದುಕೊಟ್ಟ, ಎರಡು ಪದರದ ಎಮ್ಮೆ ತೊಗಲಲ್ಲಿ, ಮರಳು ಸೋರದ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕಿ. ಆಮೇಲೆ ಎಷ್ಟು ದೇವರ ತಟ್ಟೆ, ಪಂಚಪಾತ್ರೆ, ಉದ್ಧರಣೆ ಆ ತೊಗಲಿನ ಮೇಲೆ ಹೊರಳಾಡಿ ಹೋದವೋ ನಾನು ಎಣಿಸಿಲ್ಲ.

ಚಿತ್ರದ ಪುಸ್ತಕ ಅಂತ ಅಂಗಡಿಯಲ್ಲಿ ಒಂದಿತ್ತು, ಎಣ್ಣೆ ಹಿಡಿದು ಪಾರದರ್ಶಕವಾಗಿದ್ದ ಹಾಳೆಗಳು. ಮಾವಿನಕಾಯಿ ಬುಟ್ಟ, ತಾವರೆ, ನವಿಲು, ಹಂಸ. ಕಾರ್ಬನ್ ಇಟ್ಟು ತೆಗೆದು ಕೊರೆಯೋದು. ಹಂಸವನ್ನು ನಾನು ಇವತ್ತಿನವರೆಗೂ ಕಣ್ಣಲ್ಲಿ ನೋಡಿಲ್ಲ. ಆದರೂ ಇನ್ನೂರು ಮುನ್ನೂರು ಹಂಸ ಕೊರೆದಿದ್ದೇನೆ. ಕಾರ್ಬನ್ನಿನಲ್ಲಿ ತೆಗೆದ ಹಂಸಕ್ಕೆ ಒಂದು ರೋಗವಿದೆ. ಹೊರಗೆರೆ ಇರುತ್ತದೆ, ಒಳಗೆ ಮೂಳೆ ಇರುವುದಿಲ್ಲ. ಚಪ್ಪಟೆ ಕಾಗದದ ಹಂಸವನ್ನು ಚೊಂಬಿನ ಗುಂಡು ಹೊಟ್ಟೆಗೆ ಅಂಟಿಸಿದರೆ ಕುತ್ತಿಗೆ ಮುರಿಯುತ್ತದೆ. ಎಲ್ಲಿ ಮುರಿಯಿತು, ಎಷ್ಟು ಎಳೆದು ಸರಿಮಾಡಬೇಕು ಅಂತ ಗೊತ್ತಾಗಬೇಕಾದರೆ ಹಕ್ಕಿಯ ಕುತ್ತಿಗೆ ಹೇಗಿರುತ್ತದೆ ಅಂತ ಗೊತ್ತಿರಬೇಕು. ಹಾಗಂತ ನಕಲು ಮಾಡೋದೇ ತಪ್ಪು ಅಂತ ನಾನು ಹೇಳೋಲ್ಲ. ಕೆಲವು ಗೆಳೆಯರು ಹೇಳುತ್ತಾರೆ, ನಕಲು ಗುಲಾಮಗಿರಿ ಅಂತ. ಹೊಟ್ಟೆ ತುಂಬಿದವರ ಮಾತು. ನಕಲು ಮಾಡುತ್ತಲೇ ಕೈಗೆ ದಾರಿ ಸಿಗುತ್ತದೆ. ಬರೆದು ಮುಗಿಸಿ, ಮೂಲವನ್ನು ಮುಚ್ಚಿಟ್ಟು, ಮತ್ತೊಂದು ಸಲ ನೆನಪಿನಿಂದ ಬರೀಬೇಕು, ಅಷ್ಟೇ. ಎಲ್ಲಿ ಕೈ ತಡವರಿಸಿತೋ ಅಲ್ಲಿ ನೀನು ನೋಡಿಲ್ಲ ಅಂತ ಅರ್ಥ.

ಬಳ್ಳಿ ಬರೆಯೋದನ್ನು ಪುಸ್ತಕದಿಂದ ಕಲಿಯಲು ಹೋಗಿ ಸೋತೆ. ಪುಸ್ತಕದ ಬಳ್ಳಿಯಲ್ಲಿ ಎಲೆ, ಎಲೆಯೊಳಗೆ ಎಲೆ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದು. ನಮ್ಮ ಬೇಲಿ ಮೇಲೆ ಹಾಗಲಬಳ್ಳಿ ಇತ್ತು. ಅದರ ಕುಡಿ ಗಾಳಿಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿರುತ್ತದಲ್ಲ, ದಿನಾ ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಕುಡಿ ಬರೆಯುತ್ತಿದ್ದೆ. ಮೊದಲು ಎಲೆ ಬೇಡ, ಬೆನ್ನುಗೆರೆ ಮಾತ್ರ. ಸುರುಳಿ ಒಳಕ್ಕೆ ಹೋಗುತ್ತಾ ಒಂದೇ ಸಮ ಬಿಗಿಯಾಗಬೇಕು. ಎಲ್ಲಾದರೂ ಒಂದು ಕಡೆ ನೆಟ್ಟಗಾಯಿತೋ, ಅದು ಮುರಿದ ತಂತಿ. ಬೆನ್ನುಗೆರೆ ಸರಿಯಿದ್ದರೆ ಎಲೆಯನ್ನು ಹೆಂಗೆ ಇಟ್ಟರೂ ಬಳ್ಳಿ ಬದುಕುತ್ತದೆ. ಬೆನ್ನು ಸರಿಯಿಲ್ಲದ ಬಳ್ಳಿಗೆ ಎಷ್ಟು ಎಲೆ ಹೊದಿಸಿದರೂ ಹೆಣಕ್ಕೆ ಹಾರ ಹಾಕಿದ ಹಾಗೆ. ಎಲೆಯೂ ಅಷ್ಟೇ, ಅದು ಕಾಂಡದಿಂದ ಹೊರಡಬೇಕು, ಪಕ್ಕದಲ್ಲಿ ತಂದು ಅಂಟಿಸಬಾರದು. ಇದು ಗೊತ್ತಾಗಲಿಕ್ಕೆ ಒಂದು ಮಳೆಗಾಲ ಬೇಕಾಯಿತು.

ಬರೆದದ್ದನ್ನು ಲೋಹಕ್ಕೆ ಸಾಗಿಸೋದು ಇನ್ನೊಂದು ಕಥೆ. ಹೊಳೆಯೋ ತಾಮ್ರದ ಮೇಲೆ ಪೆನ್ಸಿಲ್ ಹಿಡಿಯೋಲ್ಲ. ಬಿಳಿ ಪೋಸ್ಟರ್ ಬಣ್ಣವನ್ನು ತೆಳ್ಳಗೆ ಬಳಿದು, ಒಣಗಿದ ಮೇಲೆ ಅದರ ಮೇಲೆ ಬರೆದು, ಸೂಜಿಯಲ್ಲಿ ಗೀರಿಕೊಂಡು ಬಣ್ಣ ತೊಳೆಯಬೇಕು. ಬಣ್ಣಕ್ಕೆ ದುಡ್ಡಿಲ್ಲದಾಗ ಸೀಮೆಸುಣ್ಣದ ಪುಡಿಗೆ ಒಂದಿಷ್ಟು ಗೋಂದು. ಸೂಜಿಯನ್ನು ಸೈಕಲ್ ಕಡ್ಡಿ ಮಸೆದು ಮಾಡಿಕೊಂಡಿದ್ದೆ.

ಇದೇ ಕಾಲಕ್ಕೆ ನಾನು ಸಂಘಕ್ಕೆ ಹೋಗಲು ಶುರುಮಾಡಿದ್ದು. ಹೆಸರು ಕೊರೆಯೋನು ಅಂತ ಗೊತ್ತಾದ ಕೂಡಲೇ ಗೋಡೆಬರಹದ ಕೆಲಸ ನನ್ನ ಪಾಲಿಗೆ ಬಂತು. ರಾತ್ರಿ ಹೊತ್ತು, ಕೆಮ್ಮಣ್ಣು, ನೀಲಿ, ಈಚಲ ಕಡ್ಡಿ ಜಜ್ಜಿದ ಕುಂಚ. ಅಲ್ಲಿ ಒಂದು ವಿಚಿತ್ರ ಕಂಡೆ. ಕಡಲೆಬೀಜದಷ್ಟು ಅಕ್ಷರ ಬರೆಯೋನು ಆಳೆತ್ತರ ಬರೆಯಲು ನಿಂತರೆ ಮಣಿಕಟ್ಟು ಏನೂ ಕೆಲಸಕ್ಕೆ ಬಾರದು. ತೋಳು ಬೇಕು, ಹೆಗಲು ಬೇಕು, ಮಂಡಿ ಬಗ್ಗಬೇಕು. ಆರು ತಿಂಗಳು ಹೆಗಲಿನಿಂದ ಬರೆದ ಮೇಲೆ ವಾಪಸ್ ಚೊಂಬಿಗೆ ಬಂದಾಗ ನನ್ನ ‘ಳ’ಕಾರ ತುಂಬಿಕೊಂಡಿತ್ತು. ಉಸ್ತಾದ್ ಗಮನಿಸಿದರು. ಗೋಡೆ ವಿಷಯ ನಾನು ಹೇಳಿರಲಿಲ್ಲ, ‘ಏನೋ ಮಾಡ್ತಿದೀಯ, ಮಾಡು’ ಅಂದು ಸುಮ್ಮನಾದರು.

ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಚಿತ್ರ ಬರೆಯಬೇಕು ಅಂತ ಬಂತು. ಕ್ಯಾಲೆಂಡರಿನ ಚಿತ್ರಕ್ಕೆ ಚೌಕುಳಿ ಹಾಕಿ, ಗೋಡೆಗೂ ಚೌಕುಳಿ ಹಾಕಿ, ಒಂದೊಂದೇ ಮನೆ ತುಂಬಿದೆ. ದೂರ ನಿಂತು ನೋಡಿದರೆ ಕನ್ನಡಕ ಇರೋ ಯಾರೋ ಪೋಸ್ಟ್ ಮಾಸ್ತರು. ಕೇರಿ ಮಕ್ಕಳು ‘ಅಂಬೇಡ್ಕರ್’ ಅಂದವು, ಕೋಟಿನ ದೆಸೆಯಿಂದ. ನನಗೆ ಅಳು ಬಂತು. ಮೂಗು ಬರೆದಿದ್ದೆ, ಮೂಗಿನ ನೆರಳು ಬರೆದಿರಲಿಲ್ಲ. ಮುಖದಲ್ಲಿ ಗೆರೆ ಇಲ್ಲ ಸ್ವಾಮಿ, ಬೆಳಕು ನೆರಳು ಸೇರೋ ಕಡೆಯನ್ನು ನಾವು ಗೆರೆ ಅಂತ ಕರೆಯುತ್ತೇವೆ. ಈ ಮಾತನ್ನು ಯಾವ ದೊಡ್ಡ ಕಲಾವಿದರೂ ಹೇಳಿಯಾರು, ನನಗೆ ಮಾತ್ರ ಇದು ಹೊಳೆದದ್ದು ನಮ್ಮ ಕೇರಿ ಗೋಡೆಯ ಮುಂದೆ. ಮತ್ತೆ ಸುಣ್ಣ ಬಳಿದು ಮತ್ತೆ ಬರೆದೆ. ಮೂರನೇ ಸಲಕ್ಕೆ ಪರವಾಗಿಲ್ಲ ಅನ್ನಿಸಿತು. ತಾಮ್ರದ ತಗಡಿನ ಮೇಲೆ ಅದೇ ಮುಖವನ್ನು ಕೊರೆಯಲು ಎಷ್ಟೋ ಸಲ ಕೂತಿದ್ದೇನೆ. ಕೊರೆತದಲ್ಲಿ ಬಣ್ಣ ಇಲ್ಲ, ನೆರಳನ್ನೂ ಗೆರೆಯಿಂದಲೇ ತರಬೇಕು. ಹತ್ತಿರ ಹತ್ತಿರ ಎಳೆದರೆ ಕಪ್ಪು, ಬಿಡಿಬಿಡಿಯಾದರೆ ಬೆಳಕು. ಉಳಿಯನ್ನು ಆಳಕ್ಕೆ ಒತ್ತಿದರೆ ಗೆರೆ ದಪ್ಪ, ಮೇಲಕ್ಕೆ ಎತ್ತಿದರೆ ಕೂದಲೆಳೆ. ಕೆನ್ನೆಯ ಮೇಲೆ ಹಾಯುವ ಗೆರೆ ಕೆನ್ನೆಯ ಹಾಗೇ ಬಾಗಬೇಕು. ಇದು ನನಗೆ ಇನ್ನೂ ಪೂರ್ತಿ ಬಂದಿಲ್ಲ.

ತಾಲ್ಲೂಕು ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು, ಸಂಘದ ಕಾಲೇಜು ಹುಡುಗನೊಬ್ಬ ಓದಿ ಹೇಳಿದ. ಜರ್ಮನಿಯ ನ್ಯೂರೆಂಬರ್ಗಿನ ಅಕ್ಕಸಾಲಿಗನ ಮಗ ಆಲ್ಬ್ರೆಕ್ಟ್ ಡ್ಯೂರರ್. 1484ರಲ್ಲಿ, 13 ವರ್ಷದವನಿದ್ದಾಗ, ಕನ್ನಡಿ ನೋಡಿಕೊಂಡು ತನ್ನದೇ ಚಿತ್ರ ಬರೆದ, ಬೆಳ್ಳಿ ಕಡ್ಡಿಯಿಂದ. ಬೆಳ್ಳಿ ಕಡ್ಡಿಯ ಗೆರೆಯನ್ನು ಪೆನ್ಸಿಲಿನ ಹಾಗೆ ಅಳಿಸಲಾಗದು. ಮುಂದೆ ಅವನು ತಾಮ್ರದ ಮೇಲೆ ಉಳಿಯಿಂದ ಕೊರೆದ ಚಿತ್ರಗಳು, 1513ರದು 1514ರದು, ಆ ಪುಸ್ತಕದಲ್ಲಿದ್ದವು. ಕುದುರೆಯ ಮೈಯನ್ನು ಬರೀ ಗೆರೆಯಲ್ಲಿ ದುಂಡಗೆ ಮಾಡಿದ್ದ. ನನಗೆ ಇನ್ನೂ ಹತ್ತಿರ ಅನ್ನಿಸಿದ್ದು ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್, 1753ರಲ್ಲಿ ಹುಟ್ಟಿದ ರೈತನ ಮಗ. ಬರೆಯೋಕೆ ಕಾಗದ ಸಾಲದೆ ಗೋರಿಕಲ್ಲಿನ ಮೇಲೆ, ಚರ್ಚಿನ ನೆಲದ ಮೇಲೆ ಸೀಮೆಸುಣ್ಣದಿಂದ ಗೀಚುತ್ತಿದ್ದನಂತೆ. 1767ರಲ್ಲಿ ನ್ಯೂಕ್ಯಾಸಲ್ಲಿನ ಒಂದು ಕೆತ್ತನೆ ಅಂಗಡಿಗೆ ಕೆಲಸ ಕಲಿಯಲು ಸೇರಿದ. ಅಲ್ಲಿ ಬಾಗಿಲ ಮೇಲಿನ ಹೆಸರಿನ ತಗಡು, ಗಡಿಯಾರದ ಮುಖ, ಶವಪೆಟ್ಟಿಗೆಯ ತಗಡು ಎಲ್ಲ ಕೊರೆಯುತ್ತಿದ್ದರು. ನಮ್ಮ ಅಂಗಡಿಯೇ! ಮುಂದೆ ಮರದಲ್ಲಿ ಕೊರೆದು ಹೆಸರು ಮಾಡಿದ, ತಾನು ಕಂಡ ಹಕ್ಕಿಗಳನ್ನೇ ಬರೆದು. ಹಂಸ ಬರೆದಿದ್ದರೆ ಅವನು ನೋಡಿಯೇ ಬರೆದಿರುತ್ತಾನೆ.

ಇವರೆಲ್ಲ ಹೊರದೇಶದವರು. 1991ರಲ್ಲಿ ಉಸ್ತಾದ್ ಹೇಳಿದರೆಂದು ಬೀದರಿಗೆ ಹೋದೆ. ಎರಡು ರಾತ್ರಿ ಪ್ರಯಾಣ. ಒಂದು ಬಿದರಿ ಕಾರ್ಖಾನೆಯಲ್ಲಿ ನಾಲ್ಕು ದಿನ ಮೂಲೆಯಲ್ಲಿ ಕೂತು ನೋಡಿದೆ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ಅರದಲ್ಲಿ ನಯ ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪು ಸಲಾಕೆಯಿಂದ ಗೀರಿದರೆ ಬಿಳಿ ಗೆರೆ. ಕರಿ ಸ್ಲೇಟಿನ ಮೇಲೆ ಬರೆದ ಹಾಗೇ. ಕಾರ್ಬನ್ ಇಲ್ಲ, ಪುಸ್ತಕ ಇಲ್ಲ. ಸುತ್ತಿಗೆ ವೃತ್ತ ಹಾಕಲು ಒಂದು ಕೈವಾರ, ಮಿಕ್ಕಿದ್ದೆಲ್ಲ ಬರಿಗೈ. ಆಮೇಲೆ ಗೆರೆಯನ್ನು ಉಳಿಯಿಂದ ಕೊರೆದು, ಆ ಕಾಲುವೆಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದ ನೀರಿನಿಂದ ತಿಕ್ಕುತ್ತಾರೆ. ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಚಿತ್ರ ಗೀರುತ್ತಿದ್ದ ಹಿರಿಯರನ್ನು ಕೇಳಿದೆ, ತಪ್ಪಾದರೆ ಏನು ಮಾಡ್ತೀರಿ ಅಂತ. ‘ತಪ್ಪ್ ಆದ್ರ ಅದನ್ನೇ ಹೂವ ಮಾಡ್ತೀವ್ರಿ’ ಅಂದರು. ನಗೆಯಾಡಿದರೋ ನಿಜವೋ. ಆದರೆ ಅವರು ಶುರು ಮಾಡುವ ಮುಂಚೆ ಹೂಜಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸುತ್ತಾ ಎಷ್ಟು ಹೊತ್ತು ಕೂತಿದ್ದರು ಅನ್ನೋದನ್ನು ನಾನು ನೋಡಿದ್ದೆ. 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನನಗೆ ಆ ಮೂಲೆ, ಆ ನವಸಾಗರದ ಘಾಟು ನೆನಪಾಯಿತು.

ಈಗ ಹೇಳಬೇಕೋ ಬೇಡವೋ ಅಂತ ಇಷ್ಟು ಹೊತ್ತು ಮುಂದೂಡಿದ ವಿಷಯಕ್ಕೆ ಬರುತ್ತೇನೆ. ಬೀದರಿನಿಂದ ಬಂದ ವರ್ಷವೇ ನಮ್ಮೂರ ದೇವಸ್ಥಾನದ ಕಮಿಟಿಯವರು ದೊಡ್ಡ ತಾಮ್ರದ ಕೊಡ ತಂದು ಅಂಗಡಿಗೆ ಕೊಟ್ಟರು. ಸುತ್ತ ಬಳ್ಳಿ, ನಡುವೆ ದಾನಿಗಳ ಹೆಸರು, ಇಪ್ಪತ್ತಮೂರು ಜನ. ಕೊರೆಯೋನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ, ಅಂಗಡಿಯವರು ಹೇಳಲಿಲ್ಲ. ನೆತ್ತಿ ಮಾತ್ರ ಕಾಣುತ್ತದೆ ಅಂದೆನಲ್ಲ. ಆ ಇಪ್ಪತ್ತಮೂರರಲ್ಲಿ ಒಂದು ಹೆಸರಿನವರ ಮನೆ ಮುಂದೆ ಚಿಕ್ಕಂದಿನಲ್ಲಿ ನಾನು ಬೊಗಸೆ ಒಡ್ಡಿ, ಮೇಲಿಂದ ಹೊಯ್ದ ನೀರು ಕುಡಿದಿದ್ದೆ. ಅದೇ ಮನೆಯವರು ಅಪ್ಪನ ಮುಂದೆ ಕಾಲು ಚಾಚಿ ಎಕ್ಕಡದ ಅಳತೆ ಕೊಡುತ್ತಿದ್ದರು. ಅವರ ಕಾಲು ನಾವು ಮುಟ್ಟಬಹುದು, ಚೊಂಬು ಮುಟ್ಟಬಾರದು. ಉಳಿ ಕೈಯಲ್ಲಿತ್ತು. ಆ ಒಂದು ಹೆಸರನ್ನು ಸೊಟ್ಟ ಮಾಡಬೇಕು ಅಂತ ಮನಸ್ಸು ಬಂತು. ಒಂದು ಒತ್ತಕ್ಷರ ಬಿಟ್ಟರೆ ಸಾಕು, ನೂರು ವರ್ಷ ಹಾಗೇ ಇರುತ್ತದೆ.

ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಸಂಘದ ಗೆಳೆಯರು ಆಮೇಲೆ ಜೋರಾಗಿಯೇ ಕೇಳಿದರು. ಒಳಗೆ ಬಿಟ್ಟುಕೊಳ್ಳದ ದೇವರ ಕೊಡಕ್ಕೆ ನೀನ್ಯಾಕೆ ಬೆವರು ಸುರಿಸಿದೆ, ಇದೇ ಅಲ್ಲವಾ ಗುಲಾಮಗಿರಿ ಅಂದರೆ ಅಂತ. ಕೂಲಿ ಕೊಟ್ಟರು, ಮಾಡಿದೆ ಅಂದೆ. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಅದು ನಾನು ಪೂರ್ತಿಯಾಗಿ ಮೊದಲು ಬರೆದು ಆಮೇಲೆ ಕೊರೆದ ಮೊದಲನೇ ದೊಡ್ಡ ಕೆಲಸ. ಹನ್ನೊಂದು ದಿನ ಕಾಗದದ ಪಟ್ಟಿಯಲ್ಲೇ ಕಳೆದಿದ್ದೆ. ನಮ್ಮ ಬೇಲಿಯ ಹಾಗಲಬಳ್ಳಿಯನ್ನೇ ಸುತ್ತ ಹಬ್ಬಿಸಿದ್ದೆ. ಆ ಹೆಸರನ್ನು ಕೆಡಿಸಿದರೆ ನನ್ನ ಗೆರೆಯನ್ನು ನಾನೇ ಕೆಡಿಸಿದ ಹಾಗೆ ಅನ್ನಿಸಿತು. ಈ ಉತ್ತರ ಗೆಳೆಯರಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ. ಗಂಗರ ಕಾಲದ ಕೆಲವು ತಾಮ್ರಶಾಸನಗಳ ಕೊನೆಯಲ್ಲಿ ಕೊರೆದವನು ವಿಶ್ವಕರ್ಮಾಚಾರ್ಯ ಅಂತ ಹೆಸರಿದೆ. ದಾನ ಕೊಟ್ಟ ರಾಜ, ತೆಗೆದುಕೊಂಡ ಬ್ರಾಹ್ಮಣ, ಅವರ ಜೊತೆಗೆ ಕೊರೆದವನೂ ಇದ್ದಾನೆ. ನನ್ನ ಕೊಡದ ಮೇಲೆ ಇಪ್ಪತ್ನಾಲ್ಕನೇ ಹೆಸರಿಲ್ಲ. ಜಾತ್ರೆ ದಿನ ಕೊಡವನ್ನು ಮೆರವಣಿಗೆಯಲ್ಲಿ ತಂದರು. ನಾವು ನಿಲ್ಲೋ ಜಾಗದಿಂದ ಅಕ್ಷರ ಓದಲಾಗುತ್ತಿರಲಿಲ್ಲ. ಅಕ್ಷರದ ನಡುವಿನ ಖಾಲಿ ಕಾಣುತ್ತಿತ್ತು. ಸಮವಾಗಿತ್ತು.

1994ರಲ್ಲಿ ನಾನು ಅಂಗಡಿ ಬಿಟ್ಟೆ. ಕರೆಂಟಿನ ಪೆನ್ನು ಬಂದಿತ್ತು, ಝುಂಯ್ ಅಂತ ಗೀಚಿದರೆ ಮುಗೀತು, ಈಗಂತೂ ಲೇಸರ್. ಉಸ್ತಾದ್ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ನಾನು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ, ಪಾಸಾಗಿ, ಬೇರೆ ಕೆಲಸ ಹಿಡಿದೆ. ಭಾನುವಾರ ಕೇರಿಯ ಐದಾರು ಹುಡುಗರು ಹುಡುಗಿಯರು ಮನೆಗೆ ಬರುತ್ತಾರೆ. ಸ್ಲೇಟು ಕೊಡೋಲ್ಲ, ಪೆನ್ನು ಕೊಡುತ್ತೇನೆ. ಎರಡು ಗುಡ್ಡ ಒಂದು ಸೂರ್ಯ ಬರೆದರೆ ಸಿಟ್ಟು ಬರುತ್ತದೆ, ತಡೆದುಕೊಳ್ಳುತ್ತೇನೆ. ಮೇಷ್ಟ್ರಾಗಿರುವ ಗೆಳೆಯರು ಈ ಪತ್ರಿಕೆ ಓದುತ್ತೀರಿ. ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಲೆಕ್ಕ ತಗೋಬೇಡಿ.

ಅವ್ವನ ವಿಷಯ ಬಿಟ್ಟುಹೋಯಿತು. ಅಂಗಡಿಯಲ್ಲಿದ್ದಾಗಲೇ ಒಂದು ಸಲ ತಾಮ್ರದ ಚೊಂಬು ಕೊಂಡು ತಂದು, ನಿನ್ನ ಹೆಸರು ಕೊರೆದು ಕೊಡ್ತೀನಿ ಕಣವ್ವ ಅಂದೆ. ‘ನನಗೆ ಓದಾಕೆ ಬಂದದಾ? ಯಾರ ಹೆಸರ ಕೊರದ್ಯೋ ಏನೋ. ಕೋಳಿ ಬರಿ,’ ಅಂದಳು. ನಮ್ಮ ಮನೆಯ ಕೆಂದು ಹ್ಯಾಟೆಯನ್ನು ಒಂದು ವಾರ ನೋಡಿ ನೋಡಿ ಬರೆದೆ. ಪುಕ್ಕ ಒಂದೊಂದನ್ನೂ ಬಿಡದೆ, ಬೆಳಕು ನೆರಳು ಎಲ್ಲ ತಂದು ಕೊರೆದೆ. ಉಸ್ತಾದರೂ ಮೆಚ್ಚಿದ್ದರು. ಅವ್ವ ಚೊಂಬನ್ನು ಬಿಸಿಲಿಗೆ ಹಿಡಿದು ನೋಡಿದಳು. ‘ಕಾಲು ಹಿಂಗೆ ಇಕ್ಕಂಡ್ರೆ ಬಿದ್ದೋಯ್ತದೆ ಕಣ್ಮಗ. ಅದರ ತೂಕ ಎಲ್ಲೈತೆ, ನೋಡು,’ ಅಂದಳು. ನಾನು ಹೊರಗೆ ಹೋಗಿ ನೋಡಿದೆ. ಕೋಳಿಯ ಕಾಲು ಹೊಟ್ಟೆಯ ನಡುಮಧ್ಯೆ ಇತ್ತು, ನಾನು ಒಂದು ಬೆರಳು ಹಿಂದಕ್ಕೆ ಕೊರೆದಿದ್ದೆ.

ಸರಿಮಾಡಲು ಆಗಲಿಲ್ಲ. ಅದರಲ್ಲೇ ಅವ್ವ ಕೊನೆಯವರೆಗೂ ನೀರು ಕುಡಿದಳು. ಚೊಂಬು ಈಗ ನನ್ನ ಹತ್ತಿರ ಇದೆ, ಬೀಳೋ ಹಾಗೆ ನಿಂತಿರೋ ಕೋಳಿ ಸಮೇತ.